ಕಣ್ಣು ಬಾಕಿ ಇರುವ ಗೊಂಬೆ

ಯುರೋಪಿನ ಶಿಲ್ಪಿಗಳೆಲ್ಲ ಕೆಲಸಗಳ್ಳರು ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಒಬ್ಬಳೇ ಹೆಂಗಸು ನಮ್ಮ ದೊಡ್ಡವ್ವ! ಯಾವ ಮೂರ್ತಿಯ ಮುಂದೆ ನಿಂತು ಹೇಳಿದಳೆಂಬುದು ಮಾತ್ರ ನನಗೆ ಖಾತ್ರಿಯಿಲ್ಲ. ನನ್ನ ಡೈರಿಯಲ್ಲಿ ಒಂದಿದೆ, ನೆನಪಿನಲ್ಲಿ ಇನ್ನೊಂದು.

ದೊಡ್ಡವ್ವನದು ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಮನೆ. ಮಗ, ಅಂದರೆ ನನ್ನ ಅಣ್ಣ, ಕೆತ್ತುತ್ತಿದ್ದ; ಇವಳು ಬಣ್ಣ ಹಚ್ಚುತ್ತಿದ್ದಳು. ಎಲ್ಲಕ್ಕೂ ಕಡೆಗೆ ಕಣ್ಣು. ಕಣ್ಣು ಬರೆದರೆ ಗೊಂಬೆ ಮುಗಿದಂತೆ. ಅದಿನ್ನು ಮನೆ ಬಿಟ್ಟು ಹೋಗಬೇಕು.

ಬಣ್ಣವಿಲ್ಲದ ಮುಖ ಕಂಡರೆ ಅವಳಿಗೆ ಊಟ ಸೇರದು. ಕಾಲೇಜಿನಲ್ಲಿ ನನಗೆ ಬಹುಮಾನವಾಗಿ ಬಂದ ಬಿಳಿ ಪ್ಲಾಸ್ಟರಿನ ಸುಂದರಿಗೆ, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹುಬ್ಬು, ತುಟಿ, ಕುಂಕುಮ ಎಲ್ಲ ಬಂದಿದ್ದವು.

"ಈಗ ನೋಡು, ಕರದ್ರ ಓ ಅಂತಾಳ."

ಇಂಥವಳ ಮನೆಯಲ್ಲೇ ಎರಡು ವರ್ಷದಿಂದ ಒಂದು ಗೊಂಬೆ ಕಣ್ಣಿಲ್ಲದೆ ಕೂತಿದೆ. ಮಗ ಜ್ವರ ಬಂದು ತೀರಿಕೊಳ್ಳುವ ಮುಂಚೆ ಕೊನೆಯದಾಗಿ ಕೆತ್ತಿದ್ದು. ಮೈಗೆಲ್ಲ ಬಣ್ಣ ಹಚ್ಚಿದ್ದಾಳೆ. ಕಣ್ಣಿನ ಮಾತು ಎತ್ತಿದರೆ ಕುಂಚ ಸರಿಯಿಲ್ಲ ಅನ್ನುತ್ತಾಳೆ.

ಹೋದ ವರ್ಷ ಅವಳನ್ನು ಮುಂಬೈಯ ಒಂದು ಮ್ಯೂಸಿಯಂಗೆ ಕರೆದೊಯ್ದೆ. ಯುರೋಪಿನಿಂದ ಪ್ರದರ್ಶನಕ್ಕೆ ತಂದ ಅಮೃತಶಿಲೆಯ ಸಂತರು, ದೇವದೂತರು, ಗಾಳಿಗೆ ಹಾರುತ್ತಿರುವ ಕಲ್ಲಿನ ಸೆರಗುಗಳು! ಮುನ್ನೂರು ನಾನೂರು ವರ್ಷದ ಹಿಂದಿನ ಈ ಶೈಲಿಗೆ ಬರೋಕ್ ಅನ್ನುತ್ತಾರೆ ಎಂದು ನಾನು ಪಾಠ ಶುರು ಮಾಡಿದೆ. ಅವಳು ಒಂದೊಂದೇ ಮುಖ ನೋಡುತ್ತ ಮುಂದೆ ಹೋದಳು.

"ಕೆತ್ತೂದು ಛಲೋ ಕೆತ್ಯಾರ, ಆದ್ರ ಅರ್ಧಕ್ಕ ಬಿಟ್ಟಾರ, ಕೆಲಸಗಳ್ಳರು. ಬಣ್ಣ ಹಚ್ಚಾಕ ಮನ್ಯಾಗ ಹೆಣ್ಮಕ್ಕಳು ಇರಲಿಲ್ಲೇನು?"

ಕಾವಲುಗಾರನನ್ನೂ ಇದನ್ನೇ ಕೇಳಿದಳು. ಅವನಿಗೆ ಕನ್ನಡ ಬಾರದ್ದು ನನ್ನ ಪುಣ್ಯ.

ಕೊನೆಯ ಕೋಣೆಯಲ್ಲಿ ಅವೆಲ್ಲಕ್ಕಿಂತ ಹಳೆಯದೊಂದು ಇತ್ತು: ಕಟ್ಟಿಗೆಯಲ್ಲಿ ಕೆತ್ತಿದ, ಯೇಸುವಿನ ತಾಯಿ ಮೇರಿ. ತೊಡೆಯ ಮೇಲೆ ಸತ್ತ ಮಗ. ಹೊದಿಕೆಯ ನೀಲಿ ಅಲ್ಲಲ್ಲಿ ಉಳಿದಿತ್ತು. ದೊಡ್ಡವ್ವ ಮೊದಲು ಹಿಂದೆ ಹೋಗಿ ಬಗ್ಗಿ ನೋಡಿದಳು. ಬೆನ್ನು ಟೊಳ್ಳು, ಒಳಗೆ ಉಳಿಯ ಗುರುತುಗಳು ಹಾಗೇ ಇದ್ದವು. ಕಟ್ಟಿಗೆ ಸೀಳಬಾರದೆಂದು ತೋಡಿದ್ದಾರೆ, ತಿಳಿದವರು ಎಂದಳು. ಆಮೇಲೆ ಮುಂದೆ ಬಂದು ನಿಂತವಳು ಅಲ್ಲಿಂದ ಕದಲಲಿಲ್ಲ. ಮೇರಿಯ ಕಣ್ಣಂಚಿಗೆ ತೆಳ್ಳಗೆ ಕೆಂಪು ಗೆರೆ ಎಳೆದಿದ್ದರೆಂದು ನನ್ನ ನೆನಪು. ನಾನು ತೆಗೆದ ಫೋಟೋದಲ್ಲಿ ಅದು ಕಾಣುವುದಿಲ್ಲ.

"ಇಕಿಗಿ ಕಣ್ಣು ಬರದಾಕಿನೂ ಹಡದಾಕಿನ ಇರಬೇಕು," ಅಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಒಣಗಿತ್ತು. ಆಗ ಕೇಳಿದೆ:

"ದೊಡ್ಡವ್ವಾ, ಊರಿಗೆ ಹೋದಮ್ಯಾಲೆ ಅಣ್ಣನ ಗೊಂಬಿಗೂ ಕಣ್ಣು ಬರೀತಿಯೇನು?"