ಮಾಸ್ತರರ ಐದು ವರ್ಷ, ಮಾವನ ಬೆನ್ನು

ವಿಜಾಪುರದಲ್ಲಿ ಫುಟ್‌ಬಾಲಿನ ಬಗ್ಗೆ ನನ್ನ ಸೋದರಮಾವನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಇದರಲ್ಲಿ ಒಂದೇ ಒಂದು ಸಣ್ಣ ತೊಡಕಿದೆ. ಇಪ್ಪತ್ತು ವರ್ಷಗಳಿಂದ ನಮ್ಮ ಪೇಟೆಯ ತಂಡದ ಒಂದು ಆಟವನ್ನೂ ತಪ್ಪಿಸದ ಈ ಮಹಾನುಭಾವರು, ಇಪ್ಪತ್ತು ವರ್ಷಗಳಿಂದ ಒಂದು ಆಟವನ್ನೂ ನೋಡಿಲ್ಲ!

ಅದು ಹೇಗೆ ಎನ್ನುತ್ತೀರಾ? ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವರು ಅವರೇ. ನಮ್ಮ ಗೋಲಿನ ಹಿಂದೆ ನಿಲ್ಲುತ್ತಾರೆ, ಕೊಡೆ ಬಿಚ್ಚುತ್ತಾರೆ, ಆಟ ಶುರುವಾಗುತ್ತಲೇ ಮೈದಾನಕ್ಕೆ ಬೆನ್ನು ತಿರುಗಿಸುತ್ತಾರೆ. ಬಹಳ ಹಿಂದೆ ಒಮ್ಮೆ ಅವರು ಕಣ್ಣಾರೆ ನೋಡುತ್ತಿದ್ದಾಗ ಎದುರಾಳಿಗಳು ಗೋಲು ಹೊಡೆದರಂತೆ. ತಾಂಬೂಲ ಉಗುಳಲು ಅತ್ತ ತಿರುಗಿದಾಗ ನಮ್ಮವರು ಹೊಡೆದರಂತೆ. ಅಂದಿನಿಂದ ಅವರ ಮುಖ ಗೋಳಗುಮ್ಮಟದ ಕಡೆಗೆ. ಆ ಗುಮ್ಮಟವನ್ನು ಅವರಷ್ಟು ಹೊತ್ತು ದಿಟ್ಟಿಸಿದವರು ಅದನ್ನು ಕಟ್ಟಿದವರಲ್ಲೂ ಇರಲಿಕ್ಕಿಲ್ಲ. ನಡುನಡುವೆ "ಏನಾತು?" ಎಂದು ಕೇಳುತ್ತಾರೆ. ಚೆಂಡು ನಮ್ಮ ಗೋಲಿನೊಳಗೆ ಹೋಯಿತೆಂದು ನಾವು ಹೇಳಿದರೆ ಹಣೆ ಬಡಿದುಕೊಂಡು, ಅದು ಎಡಗಡೆಯಿಂದಲೇ ಹೋಗಿರಬೇಕು ಎನ್ನುತ್ತಾರೆ. ವಿಚಿತ್ರವೆಂದರೆ, ಎಡಗಡೆಯಿಂದಲೇ ಹೋಗಿರುತ್ತದೆ!

ನಾನು ಧಾರವಾಡದಲ್ಲಿ ಕಾಲೇಜು ಓದಿ ಬಂದ ಹೊಸದರಲ್ಲಿ ಈ ವಿಷಯವಾಗಿ ಅವರೊಡನೆ ವಾದಕ್ಕಿಳಿದೆ. ನೀವು ಇಪ್ಪತ್ತು ವರ್ಷ ನೋಡದೆ ಇದ್ದರೂ ನಾವು ಸೋಲುತ್ತಲೇ ಇದ್ದೇವಲ್ಲ ಎಂದೆ. ಮಾವ ನನ್ನನ್ನು ಕನಿಕರದಿಂದ ನೋಡಿದರು.

"ನಾ ನೋಡಿದ್ರ ಇನ್ನೂ ಎಷ್ಟು ಸೋಲ್ತಿದ್ವಿ, ಅದನ್ನ ನಿಮ್ಮ ಕಾಲೇಜಿನ್ಯಾಗ ಕಲಿಸ್ಯಾರೇನಲೇ?"

ಕಲಿಸಿರಲಿಲ್ಲ.

ಮಾವನದು ಜೋರಾಪುರ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ತಂಡದ ಒಂದೇ ಒಂದು ಚೆಂಡು ಅವರ ವಶದಲ್ಲಿರುತ್ತಿತ್ತು. ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧದ ಕಾಲದ ಮಾತು, ಆಗ ರಬ್ಬರಿನ ಸಾಮಾನು ಸಿಗುವುದೇ ದುರ್ಲಭ. ಚೆಂಡಿನೊಳಗಿನ ಬ್ಲಾಡರು ಸೊಲ್ಲಾಪುರದಿಂದ ಬಂದದ್ದು. ಸೈಕಲ್ ಅಂಗಡಿಯವನು ಅದಕ್ಕೆ ಹಾಕಿದ ತೇಪೆಗಳೇ ಈಗ ಬ್ಲಾಡರಿಗಿಂತ ಹೆಚ್ಚಾಗಿದ್ದವು. ಆಟ ಮುಗಿದ ಕೂಡಲೇ ಮಾವ ಚೆಂಡನ್ನು ಕಸಿದುಕೊಂಡು ಮನೆಗೆ ತಂದು, ಒರೆಸಿ, ಅಂಗೈಗೆ ಕುಸುಬೆ ಎಣ್ಣೆ ಸುರಿದುಕೊಂಡು ಅದರ ಚರ್ಮಕ್ಕೆ ತಿಕ್ಕುವರು. ಬೇರೆ ಯಾರ ಮನೆಯಲ್ಲೂ ಅದು ಒಂದು ರಾತ್ರಿ ತಂಗಿದ್ದಿಲ್ಲ. ಅತ್ತೆ ಒಮ್ಮೆ ನನ್ನ ಮುಂದೆ ಹೇಳಿದರು: "ನಾಕು ಮಕ್ಕಳನ್ನ ಹಡದೇನಿ. ಒಂದಕ್ಕೂ ಇವರು ಎಣ್ಣಿ ಹಚ್ಚಿ ಎರದವರಲ್ಲ ನೋಡಪ್ಪ."

ಇಂಥ ಮಾವನಿಗೂ ತಂಡದ ಮ್ಯಾನೇಜರರಿಗೂ ಎಣ್ಣೆ ಸೀಗೆ.

ಮ್ಯಾನೇಜರರೆಂದರೆ ನಮ್ಮೂರ ಶಾಲೆಯೊಂದರ ಡ್ರಿಲ್ ಮಾಸ್ತರರು. ತೆಳ್ಳಗೆ, ನೆಟ್ಟಗೆ, ನಿಂತರೆ ಧ್ವಜದ ಕಂಬ. ತಂಡವನ್ನು ವಹಿಸಿಕೊಂಡ ಮೊದಲ ವಾರವೇ ಹೊಟ್ಟೆ ಬಂದ ಹಳೆಯ ಆಟಗಾರರನ್ನೆಲ್ಲ ಮನೆಗೆ ಕಳಿಸಿದರು. ತಿಕೋಟಾ ಕಡೆ ಹೋಗಿ, ಕುರಿ ಕಾಯುವ ಗಟ್ಟಿ ಕಾಲಿನ ತರುಣರನ್ನು ಹುಡುಕಿ ತಂದರು. ಆಮೇಲೆ ಎಲ್ಲರನ್ನೂ ಕರೆದು ತಮ್ಮ ಯೋಜನೆ ಹೇಳಿದರು. ಐದು ವರ್ಷದ ಯೋಜನೆ. ಮೊದಲನೇ ವರ್ಷ ಒಬ್ಬರಿಗೊಬ್ಬರು ಚೆಂಡು ಕೊಡುವುದನ್ನು ಕಲಿಯುವುದು. ಎರಡನೇ ವರ್ಷ ಎದುರಾಳಿಯನ್ನು ತಡೆಯುವುದು. ಮೂರನೇ ವರ್ಷ ಗೋಲು ಹೊಡೆಯುವುದು. ನಾಲ್ಕನೇ ವರ್ಷ ಗೆಲ್ಲುವುದು. ಐದನೇ ವರ್ಷ ದಸರೆ ಪಂದ್ಯದ ಬೆಳ್ಳಿ ಕಪ್ಪು.

ಮಾವ ಪೂರ್ತಿ ಕೇಳಿಸಿಕೊಂಡು, "ಹಂಗಾರ ಎದುರಿನವರಿಗೂ ಒಂದು ಕಾಗದ ಬರೀರಿ ಮಾಸ್ತರ. ಎರಡು ವರ್ಷ ತಡೀರಪ್ಪಾ, ನಮ್ಮವರು ಇನ್ನೂ ಗೋಲಿನ ಪಾಠಕ್ಕ ಬಂದಿಲ್ಲ ಅಂತ" ಎಂದರು.

ಎದುರಿನವರು ತಡೆಯಲಿಲ್ಲ. ರೈಲು ಹಳಿಯ ಬದಿಯ ಇಬ್ರಾಹಿಂಪುರದವರು ಆರು ಗೋಲು ಹೊಡೆದರು. ನಮ್ಮ ಹುಡುಗರು ಮಾತ್ರ ಗುರುವಾಕ್ಯ ಮೀರದೆ, ಎದುರು ಖಾಲಿ ಗೋಲು ಬಾಯಿ ತೆರೆದು ಕೂತಿದ್ದರೂ ಅತ್ತ ನೋಡದೆ ಒಬ್ಬರಿಗೊಬ್ಬರು ಅತಿ ವಿನಯದಿಂದ ಚೆಂಡು ಕೊಟ್ಟುಕೊಂಡರು. ಮದುವೆಮನೆಯಲ್ಲಿ ಬೀಗರು ತಾಂಬೂಲದ ತಟ್ಟೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತಾರಲ್ಲ, ಹಾಗೆ.

ಪ್ರತಿ ಸೋಲಿನ ಮರುದಿನ ಮಾವನ ಅಂಗಡಿಯ ಕಟ್ಟೆಯ ಮೇಲೆ ಚರ್ಚೆ. ಮಾವ ಗೋಣಿಚೀಲ ಹಾಸಿ ತಂಡವನ್ನು ಕಾಳಿನಲ್ಲಿ ಹೂಡುವರು. ಹಿಂದೆ ಎರಡು ಕಡಲೆ, ನಡುವೆ ಮೂರು ತೊಗರಿ, ಮುಂದೆ ಐದು ಶೇಂಗಾ, ಗೋಲಿನಲ್ಲಿ ಒಂದು ಚೂರು ಬೆಲ್ಲ. ಎದುರು ಮನೆಯ ಶಿಂಪಿಗ ಮಾಸ್ತರರ ಪಕ್ಷದವನು. ಅಂಗಿ ಹೊಲಿಯಲು ವಾಯಿದೆ ಹೇಳಿ ಹೇಳಿ ರೂಢಿಯಾದವನಿಗೆ ಐದು ವರ್ಷ ಒಂದು ದೊಡ್ಡ ಅವಧಿಯೇ? "ಬೀಜ ಬಿತ್ತಿದ ದಿವ್ಸಾನ ತೆನಿ ಕೇಳಿದ್ರ ಹೆಂಗ್ರಿ ಸಾವಕಾರ್ರ?" ಎನ್ನುವನು. "ತೆನಿ ಬ್ಯಾಡೋ, ಮೊಳಕಿ ಆದ್ರೂ ತೋರ್ಸು" ಎಂದು ಮಾವ ರೇಗುವರು. ಈ ಭರಾಟೆಯಲ್ಲಿ ಶಿಂಪಿಗ ನಮ್ಮ ಮುಂದಿನ ಸಾಲಿನ ಐವರನ್ನೂ ಒಬ್ಬೊಬ್ಬರಾಗಿ ಬಾಯಿಗೆ ಹಾಕಿಕೊಂಡಿರುತ್ತಿದ್ದ. ಗೋಲು ಕಾಯುವ ಬೆಲ್ಲವನ್ನು ಇರುವೆಗಳು ಹೊತ್ತುಕೊಂಡು ಹೋಗಿರುತ್ತಿದ್ದವು.

ಎರಡನೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮಾವ ಒಂದು ಅರ್ಜಿ ಬರೆಸಿದರು. ಮಾಸ್ತರರನ್ನು ಬಿಡಿಸಬೇಕು ಎಂಬ ಅರ್ಜಿ. ಬರೆದವನು ನಾನೇ, ಓದಿದವನಲ್ಲವೇ! ಪೇಟೆಯ ಮೂವತ್ತು ಜನ ಸಹಿ ಮಾಡಿದರು. ಬಬಲೇಶ್ವರದ ಆಟ ಮುಗಿಯಲಿ, ತಂಡದ ಭಾನುವಾರದ ಸಭೆಯಲ್ಲಿ ಇಡುತ್ತೇನೆ ಎಂದು ಮಾವ ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಮಾಸ್ತರರಿಗೂ ಅದು ಗೊತ್ತಿತ್ತು. ಅವರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಸಂಜೆಯಾದರೆ ಆ ಹನ್ನೊಂದು ಹುಡುಗರೇ ಸಂಸಾರ. ಆ ಅರ್ಜಿ ಪಾಸಾದರೆ ಅವರಿಗೆ ಉಳಿಯುವುದು ಒಂದು ಸೀಟಿ ಮಾತ್ರ.

ಬಬಲೇಶ್ವರದವರು ಚೆಂಡು ಕಂಡು ಆರು ತಿಂಗಳಾಗಿತ್ತಷ್ಟೇ. ಅವರ ಕೈಯಲ್ಲೂ ಮೂರು ಗೋಲಿನಿಂದ ಸೋತೆವು. ಗೆದ್ದವರು ಸೋತವರಿಗೆ ಊಟ ಇಟ್ಟಿದ್ದರು. ನಮ್ಮ ಹುಡುಗರು ಸೋಲನ್ನು ಅಲ್ಲೇ ಮರೆತು ಪಂಕ್ತಿಯಲ್ಲಿ ಕೂತರು. ಮಾವ ಮಾತ್ರ ಆ ಊರಿನ ನೀರನ್ನೂ ಮುಟ್ಟಲಿಲ್ಲ. ಪೆಟ್ರೋಲಿಲ್ಲದೆ ಮೋಟಾರು ಓಡಾಟ ನಿಂತಿದ್ದರಿಂದ ಇಟ್ಟಂಗಿಹಾಳದ ರೈತರ ಎರಡು ಎತ್ತಿನ ಗಾಡಿಗಳಲ್ಲಿ ಬಂದಿದ್ದೆವು; ಅದರಲ್ಲಿ ಒಂದನ್ನು ಹೂಡಿಸಿ ಹೊರಟರು. ಜೊತೆಗೆ ನಾನು. ಶಾಲೆಯ ಕೆಲಸವಿದೆಯೆಂದು ಮಾಸ್ತರರೂ ಹತ್ತಿದರು. ಮಾವ ಗಾಡಿಯಲ್ಲೂ ಮುಂದಕ್ಕೆ ಮುಖ ಮಾಡುವವರಲ್ಲ. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಲಗೆಯ ಮೇಲೆ, ಹೊರಗೆ ಕಾಲು ಇಳಿಬಿಟ್ಟು, ಬಬಲೇಶ್ವರವನ್ನು ಕೆಕ್ಕರಿಸಿ ನೋಡುತ್ತ ಕೂತರು.

ಹೊತ್ತು ಇಳಿಯುವ ಮುನ್ನ ಡೋಣಿ ಹೊಳೆಗೆ ಬಂದೆವು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮ ಕಡೆ ಹೇಳುತ್ತಾರೆ. ಡೋಣಿ ತುಂಬಿ ಬಂದರೆ ಏನು ಎಂಬುದನ್ನು ಮಾತ್ರ ಗಾದೆ ಕಟ್ಟಿದವರು ಹೇಳಿಲ್ಲ. ನಮ್ಮ ತಲೆಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಗಾಡಿಯವನು ನೀರಿನ ಅಂಚಿನಲ್ಲಿ ಎತ್ತು ನಿಲ್ಲಿಸಿ, ನೀರು ನೋಡಿದ.

"ಬಣ್ಣ ತಿರುಗೇತ್ರಿ ಸಾವಕಾರ್ರ. ಮ್ಯಾಲೆ ಎಲ್ಲೋ ಮಳಿ ಆಗೇತಿ. ದಾಟೂದಿದ್ರ ಈಗ ದಾಟೂನು. ಇಲ್ಲಂದ್ರ ಇಳಿಯೂತನ ಕೂಡೂನು. ಲಗೂನ ಹೇಳ್ರಿ."

ದಾಟೋಣ ಎಂದರು ಮಾವ. ತಡೆಯೋಣ ಎಂದರು ಮಾಸ್ತರರು.

ಅಷ್ಟೇ ಸಾಕಾಯಿತು. ಎಲ್ಲದಕ್ಕೂ ತಡೀರಿ ತಡೀರಿ ಎಂದೇ ತಂಡವನ್ನು ಮುಳುಗಿಸಿದಿರಿ ಎಂದು ಮಾವ ಶುರುಮಾಡಿದರು. ಅವಸರ ಮಾಡಿ ಮಾಡಿಯೇ ಇಪ್ಪತ್ತು ವರ್ಷ ಮುಳುಗಿತ್ತು ಎಂದರು ಮಾಸ್ತರರು. ಮಾತು ಡೋಣಿಯಿಂದ ಬಬಲೇಶ್ವರದ ಮೂರನೇ ಗೋಲಿಗೆ ಹೋಯಿತು, ಅಲ್ಲಿಂದ ಇಬ್ರಾಹಿಂಪುರದ ಆರಕ್ಕೆ, ಅಲ್ಲಿಂದ ತಿಕೋಟಾದ ಹುಡುಗನನ್ನು ರೈಟ್ ಹಾಫಿನಲ್ಲಿ ಆಡಿಸಿದ್ದು ಸರಿಯೋ ತಪ್ಪೋ ಎಂಬಲ್ಲಿಗೆ. ಗಾಡಿಯವನು ಒಂದು ಬೀಡಿ ಸೇದಿ ಮುಗಿಸಿ ಇನ್ನೊಂದು ಹಚ್ಚಿದ.

ನೀರಿನ ಅಂಚಿನಲ್ಲಿ ಒಂದು ಬಿಳಿಯ ಕಲ್ಲಿತ್ತು. ಚರ್ಚೆ ಶುರುವಾದಾಗ ಪೂರ್ತಿ ಕಾಣುತ್ತಿತ್ತು. ಆರು ಗೋಲಿನ ಮಾತು ಬಂದಾಗ ಅರ್ಧ ಕಾಣುತ್ತಿತ್ತು. ರೈಟ್ ಹಾಫಿಗೆ ಬರುವಷ್ಟರಲ್ಲಿ ಕಾಣಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಹೇಳಬಹುದಿತ್ತು, ಹೇಳಲಿಲ್ಲ. ಹಿರಿಯರ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ ಎಂದರೆ ಸುಳ್ಳಾದೀತು. ರೈಟ್ ಹಾಫಿನ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯವಿತ್ತು, ಅದನ್ನು ಹೇಳಲು ಸಂದಿ ಕಾಯುತ್ತಿದ್ದೆ! ಇಂದಿಗೂ ಬಚ್ಚಲಲ್ಲಿ ಯಾರಾದರೂ ಕೊಡ ಬರಿದು ಮಾಡಿದರೆ ಸಾಕು, ಆ ಕಲ್ಲು ಕಣ್ಣ ಮುಂದೆ ಬರುತ್ತದೆ, ಕೈ ತಾನಾಗಿಯೇ ಹತ್ತಿರದ ಕಂಬವನ್ನು ಹುಡುಕುತ್ತದೆ.

ಕೊನೆಗೆ ಇಬ್ಬರ ಮಾತೂ ಉಳಿಯಿತು. ಮಾಸ್ತರರು ಹೇಳಿದಂತೆ ತಡೆದಿದ್ದಾಯಿತು, ಇನ್ನು ಮಾವ ಹೇಳಿದಂತೆ ದಾಟೋಣ ಎಂದಾಯಿತು. ಬಂದ ಕೂಡಲೇ ದಾಟಿದ್ದರೆ ಏನೂ ಆಗುತ್ತಿರಲಿಲ್ಲ. ಇಳಿಯುವ ತನಕ ಕೂತಿದ್ದರೂ ಏನೂ ಆಗುತ್ತಿರಲಿಲ್ಲ. ಚರ್ಚೆ ಮಾಡಿ ದಾಟಿದವರು ಡೋಣಿಯ ಇತಿಹಾಸದಲ್ಲಿ ನಾವೇ ಇರಬೇಕು.

ನಡುಹೊಳೆಯಲ್ಲಿ ಗಾಲಿ ಎರೆಮಣ್ಣಿನಲ್ಲಿ ಹೂತಿತು. ಮಾಸ್ತರರು ಭಾರ ಇಳಿಯಲೆಂದು ಕೆಳಗೆ ಧುಮುಕಿ ಹಿಂದಿನಿಂದ ಗಾಡಿ ನೂಕತೊಡಗಿದರು. ನೀರು ಅವರ ತೊಡೆಯವರೆಗೆ ಇತ್ತು. ಗಾಡಿಯವನ ಕಣ್ಣು ಎತ್ತಿನ ಮೇಲೆ. ನನ್ನ ಕಣ್ಣು ಆಚೆ ದಡದ ಮೇಲೆ, ಎರಡೂ ಕೈ ಗಾಡಿಯ ಗೂಟದ ಮೇಲೆ. ಮಾವ ಮತ್ತು ಮಾಸ್ತರರು ಮಾತ್ರ ಮುಖಾಮುಖಿಯಾಗಿ, ಒಬ್ಬರು ಹಲಗೆಯ ಮೇಲೆ, ಒಬ್ಬರು ಹೊಳೆಯಲ್ಲಿ, ಇನ್ನೂ ವಾದಿಸುತ್ತಿದ್ದರು. ನೀರು ಸೊಂಟಕ್ಕೆ ಬಂತು. ಮಾಸ್ತರರ ದನಿ ನನಗೆ ಕೇಳುತ್ತಿತ್ತು. "ಮೂರನೇ ವರ್ಷ ನೋಡ್ರಿ ನೀವು, ಮೂರನೇ ವರ್ಷ..."

ಮೂರನೇ ವರ್ಷ ಏನಾಗುತ್ತದೆ ಎಂಬುದು ಕೇಳಲಿಲ್ಲ.

ಮಾವ ಕೂಗಿದ ಕೂಗಿಗೆ ನಾನು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಕೆಂಪು ನೀರು, ಅದರಲ್ಲಿ ಹತ್ತು ಮಾರು ಕೆಳಗೆ ಒಂದು ಬಿಳಿಯ ಅಂಗಿಯ ತೋಳು. ಮಾವ ಅಲುಗಾಡುವ ಹಲಗೆಯ ಮೇಲೆ ಎದ್ದು ನಿಂತಿದ್ದರು. ಇಪ್ಪತ್ತು ವರ್ಷ ಯಾರ ಮನೆಗೂ ಕಳಿಸದ ಚೆಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಎಸೆದರು. ಜೀವಮಾನದಲ್ಲಿ ಅವರು ಕೊಟ್ಟ ಮೊದಲ ಪಾಸು. ನೇರವಾಗಿ ಮಾಸ್ತರರ ಎದೆಯ ಮುಂದೆ ಬಿತ್ತು.

ಮಾಸ್ತರರು ಅದನ್ನು ಅವುಚಿಕೊಂಡರು. ತೇಪೆಗಳು ತಡೆದವು. ಮುಳುಗುತ್ತ ಏಳುತ್ತ ಹೋಗಿ ತಿರುವಿನಲ್ಲಿ ಬಾಗಿದ್ದ ಜಾಲಿಮರಕ್ಕೆ ಸಿಕ್ಕಿಕೊಂಡರು. ಅಷ್ಟರಲ್ಲಿ ಎತ್ತುಗಳು ಹೇಗೋ ಗಾಡಿಯನ್ನು ದಡಕ್ಕೆ ಎಳೆದಿದ್ದವು. ಗಾಡಿಯವನು ಹಗ್ಗ ಹಿಡಿದು ಓಡಿದ, ಮಾವ ಅವನ ಹಿಂದೆ. ನಾನು? ನನ್ನ ಕೈ ಗೂಟದಿಂದ ಬಿಡಲೇ ಇಲ್ಲ. ಕಾಲೇಜಿನಲ್ಲಿ ಕಲಿತ ಯಾವುದೂ ಆ ಬೆರಳುಗಳನ್ನು ಬಿಚ್ಚಲಿಲ್ಲ. ಕೊನೆಗೆ ಗಾಡಿಯವನೇ ಬಂದು ಒಂದೊಂದಾಗಿ ಬಿಡಿಸಿದ.

ಹಗ್ಗದಿಂದ ದಡಕ್ಕೆ ಎಳೆಸಿಕೊಂಡ ಮಾಸ್ತರರು ನೀರು ಕಾರಿಕೊಂಡು, ಕಣ್ಣು ತೆರೆದು, ಮಾವನನ್ನು ನೋಡಿ ಮೊದಲು ಆಡಿದ ಮಾತು ಇದು:

"ಎಸಿಯೂವಾಗ ಎರಡೂ ಕಾಲು ನೆಲದ ಮ್ಯಾಲೆ ಇರಬೇಕ್ರಿ. ನೀವು ಗಾಡಿ ಮ್ಯಾಲೆ ಇದ್ರಿ. ಅದು ಫೌಲು."

ಮಾವ ನಗಲಿಲ್ಲ. ಮಾಸ್ತರರ ಪಕ್ಕದಲ್ಲೇ ಕೆಸರಿನಲ್ಲಿ ಕುಸಿದು ಕೂತರು.

"ಐದು ವರ್ಷ ಅಂತೀರಿ ನೀವು. ನನಗ ಅರವತ್ತು ಆತ್ರಿ ಮಾಸ್ತರ. ನಮ್ಮಪ್ಪ ಅರವತ್ತೆರಡಕ್ಕ ಹ್ವಾದ. ನಾ ಗೆದ್ದದ್ದು ಯಾವಾಗ ನೋಡ್ಲಿ?"

ಎರಡು ವರ್ಷದ ಜಗಳದ ಬೇರು ಇಲ್ಲಿತ್ತು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಾಸ್ತರರು ಚೆಂಡಿನ ಕೆಸರನ್ನು ಒದ್ದೆ ಅಂಗಿಯಿಂದ ಒರೆಸುತ್ತ, "ನೀವು ನೋಡೂದ ಇಲ್ಲಲ್ರಿ. ಬೆನ್ನು ಮಾಡಿ ನಿಂದರ್ತೀರಿ" ಎಂದರು.

ಭಾನುವಾರದ ಸಭೆಗೆ ಮಾವನ ಅಂಗಡಿಯ ಮುಂದೆ ಪೇಟೆಗೆ ಪೇಟೆಯೇ ಸೇರಿತ್ತು. ಮಾವ ಒಳಜೇಬಿನಿಂದ ಅರ್ಜಿ ತೆಗೆದರು. ಡೋಣಿಯ ನೀರು ಕುಡಿದು ಒಣಗಿ ಅದು ಹಪ್ಪಳವಾಗಿತ್ತು. ಮೂವತ್ತು ಸಹಿಗಳೂ ಒಂದೇ ನೀಲಿ ಕಲೆ. ಮತ್ತೆ ಬರೆಯಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು. ಅದನ್ನು ಮಡಚಿ ಅಂಗಡಿಯ ತಕ್ಕಡಿಯ ಕೆಳಗೆ ಸರಿಸಿ, ಒಳಗೆ ಹೋಗಿ ಚೆಂಡು ತಂದು ಮಾಸ್ತರರ ತೊಡೆಯ ಮೇಲಿಟ್ಟರು. ಜೊತೆಗೆ ಕುಸುಬೆ ಎಣ್ಣೆಯ ಒಂದು ಸೀಸೆ.

"ಇನ್ನ ನಿಮ್ಮ ಮನ್ಯಾಗ ಇರ್ಲಿ. ವಾರಕ್ಕೆರಡು ಸಲ ಹಚ್ರಿ. ಹೊಲಿಗಿ ಮ್ಯಾಲೆ ಜಾಸ್ತಿ."

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಮಾವ ಇಷ್ಟು ಬುದ್ಧಿಮಾತು ಹೇಳಿರಲಿಲ್ಲವಂತೆ.

ಮುಂದಿನ ಆಟ ಮತ್ತೆ ಇಬ್ರಾಹಿಂಪುರದವರ ಮೇಲೆ. ಮಾವ ಎಂದಿನಂತೆ ಮೊದಲು ಬಂದರು, ನಮ್ಮ ಗೋಲಿನ ಹಿಂದೆ ನಿಂತರು, ಕೊಡೆ ಬಿಚ್ಚಿದರು. ಸೀಟಿ ಕೂಗಿತು. ಮಾವ ತಿರುಗಲಿಲ್ಲ. ಮೈದಾನಕ್ಕೆ ಮುಖ ಮಾಡಿಯೇ ನಿಂತರು. ನಮ್ಮ ಗೋಲು ಕಾಯುವ ಹುಡುಗ ಗಾಬರಿಯಾಗಿ ಎರಡು ಸಲ ಹಿಂದಿರುಗಿ ಅವರನ್ನೇ ನೋಡಿದ. ಆ ಗಾಬರಿಯಲ್ಲೇ ಮೊದಲ ಗೋಲು ಹೋಯಿತು. ಎಡಗಡೆಯಿಂದಲೇ.

ಎರಡು ಗೋಲಿನಿಂದ ಸೋತೆವು. ಆರಿದ್ದದ್ದು ಎರಡಕ್ಕೆ ಇಳಿಯಿತು ಎಂದು ಶಿಂಪಿಗ ಊರೆಲ್ಲ ಸಾರಿದ. ಮನೆಗೆ ನಡೆಯುವಾಗ ನಾನು ತಡೆಯಲಾರದೆ, ನೀವು ನೋಡಿದಿರಿ ಮಾವ, ಅದಕ್ಕೇ ಸೋತೆವಲ್ಲ ಎಂದು ಛೇಡಿಸಿದೆ.

ಮಾವ ನಿಂತರು. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ದೂರದಲ್ಲಿ ಮಾಸ್ತರರು ಚೆಂಡು ಎದೆಗವುಚಿಕೊಂಡು ಹುಡುಗರ ನಡುವೆ ಹೋಗುತ್ತಿದ್ದರು. ಅವರು ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಮಾವನ ಕಣ್ಣು ಅಲ್ಲೇ ಇತ್ತು.

"ಸೋಲ್ಲಿ ಬಿಡೋ" ಎಂದರು. "ಆವತ್ತ ಹೊಳ್ಯಾಗ ನಾ ಅತ್ತ ನೋಡಾಕತ್ತಿದ್ದೆ, ಅದಕ್ಕ ಅಂವ ಸಿಕ್ಕ."