ಹಲಸಿನ ಮರದಿಂದ ಎಡಕ್ಕೆ

ಬೆಳಿಗ್ಗೆ ಎದ್ದವಳು ನೀರುದೋಸೆಗೆ ಅಕ್ಕಿ ಕಡೆದೆ, ಬಂಗುಡೆ ಮೀನು ತೊಳೆದು ಮಸಾಲೆ ಅರೆದೆ, ಮುಂಬೈಯಿಂದ ಬರುವ ಚಿಕ್ಕಮ್ಮನಿಗೆ ಹೊಸ ಬೆಡ್‌ಶೀಟ್ ಹಾಸಿದೆ, ಗಡಿಯಾರ ನೋಡಿದೆ, ಮಾಮನಿಗೆ ಬೈದೆ, ಮತ್ತೆ ಗಡಿಯಾರ ನೋಡಿದೆ. ಬೈಗುಳಕ್ಕೆ ಕಾರಣವಿದೆ. ನಮ್ಮ ಮಾಮ ವಾಸವಿರುವುದು ಮಂಗಳೂರಿನಲ್ಲೇ. ಆದರೆ ಆ ಮಂಗಳೂರು ಈಗ ಇಲ್ಲ!

ಹಂಪನಕಟ್ಟೆಯಿಂದ ನಡೆದೇ ಬರಬಹುದಾದ ನಮ್ಮ ಓಣಿಯಲ್ಲಿ ನಾನು ಚಿಕ್ಕವಳಿದ್ದಾಗ ಒಂದು ಸೋಡಾ ಅಂಗಡಿ, ಒಂದು ಬಾವಿ, ತಿರುವಿನಲ್ಲೊಂದು ದೊಡ್ಡ ಹಲಸಿನ ಮರ ಇದ್ದವು. ಶಾಲೆಯ ಗಂಟೆಗೆ ಏಳದ ನಾವು ಹಣ್ಣು ಬಿದ್ದ ಸದ್ದಿಗೆ ಓಡುತ್ತಿದ್ದೆವು. ಈಗ ಅಂಗಡಿಯ ಜಾಗದಲ್ಲಿ ಮೊಬೈಲ್ ಶೋರೂಮು, ಬಾವಿಯ ಮೇಲೆ ಒಂಬತ್ತು ಮಾಳಿಗೆಯ ಫ್ಲ್ಯಾಟು, ಮರದ ಜಾಗದಲ್ಲಿ ಟ್ರಾನ್ಸ್‌ಫಾರ್ಮರು. ಇದೆಲ್ಲ ಮಾಮನಿಗೆ ಕಾಣುವುದಿಲ್ಲವೇ? ಕಾಣುತ್ತದೆ. ಒಪ್ಪಿಗೆಯಿಲ್ಲ, ಅಷ್ಟೆ! ಸದಾ ಕೈಯಲ್ಲಿರುವ ಕೊಡೆಯನ್ನು ಸುಡುಬಿಸಿಲಿನಲ್ಲೂ ಈ ಓಣಿಯಲ್ಲಿ ಬಿಡಿಸುವುದಿಲ್ಲ. "ಮರದ ನೆರಳುಂಟಲ್ಲ, ಮತ್ತೆಂತಕ್ಕೆ?"

ಹೋದ ತಿಂಗಳು ಗ್ಯಾಸಿನವನು ಫೋನಿನಲ್ಲಿ ದಾರಿ ಕೇಳಿದ. "ಸೋಡಾ ಅಂಗಡಿ ದಾಟು, ಹಲಸಿನ ಮರದಿಂದ ಎಡಕ್ಕೆ ತಿರುಗು" ಎಂದರು ಮಾಮ. ಪಾಪ, ಸಿಲಿಂಡರು ನಂತೂರು, ಪಡೀಲು ಎಲ್ಲ ನೋಡಿಕೊಂಡು ಸಂಜೆಗೆ ಮನೆ ಸೇರಿತು. ಒಂದೇ ದಿನದಲ್ಲಿ ಅಷ್ಟು ಊರು ಸುತ್ತಿದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ!

ಇನ್ನೊಮ್ಮೆ ಫ್ಲ್ಯಾಟಿನ ಗೇಟಿನಲ್ಲಿ ಇಣುಕುತ್ತ ನಿಂತಿದ್ದರು.

"ಯಾರು ಬೇಕಿತ್ತು ಅಜ್ಜ?" ಎಂದ ವಾಚ್‌ಮನ್.

"ಬಾವಿ."

"ಇಲ್ಲಿ ಬಾವಿ ಇಲ್ಲ. ಲಿಫ್ಟ್ ಉಂಟು."

"ಹಗ್ಗದಲ್ಲಿ ಕೆಳಗೆ ಹೋಗಿ ಮೇಲೆ ಬರ್ತದಲ್ಲ? ಹಾಗಾದ್ರೆ ಅದೇ ಮಾರಾಯ!"

ಇಷ್ಟಕ್ಕೆಲ್ಲ ನಕ್ಕು ಸುಮ್ಮನಿದ್ದೆ. ಆದರೆ ಚಿಕ್ಕಮ್ಮನ ವಿಷಯ ಹಾಗಲ್ಲ. ಮಾಮನ ಈ ತಂಗಿ ಮದುವೆಯಾಗಿ ಮುಂಬೈ ಸೇರಿದವರು. ಕೆಲವು ವರ್ಷಗಳಿಂದ ಎರಡೂ ಕಣ್ಣು ಕಾಣುವುದಿಲ್ಲ. ಮೊನ್ನೆ ಫೋನಿನಲ್ಲಿ, "ಅಣ್ಣ, ನಮ್ಮ ಓಣಿ ಹಾಗೇ ಉಂಟಾ?" ಎಂದು ಕೇಳಿದರಂತೆ. "ಒಂದು ಕಲ್ಲು ಸಹ ಅಲ್ಲಾಡ್ಲಿಲ್ಲ" ಎಂದುಬಿಟ್ಟಿದ್ದಾರೆ ಈ ಮಹಾನುಭಾವ! "ಹಾಗಾದ್ರೆ ಹಲಸಿನ ಮರವನ್ನೊಮ್ಮೆ ಮುಟ್ಟಿಯೇ ಮನೆಗೆ ಬರ್ತೇನೆ" ಎಂದಿದ್ದಾರೆ ಅವರು.

"ಈಗ ಎಂತ ಮುಟ್ಟಿಸ್ತೀರಿ ಮಾಮ? ಟ್ರಾನ್ಸ್‌ಫಾರ್ಮರಾ?" ಎಂದು ನಾನು ಬೈದದ್ದು ತಪ್ಪೇ? ನಿಜ ತಿಳಿದರೆ ಆ ಜೀವ ಎಷ್ಟು ನೊಂದೀತು!

ಹನ್ನೊಂದಕ್ಕೆ ಕಾರು ಬಂತು. ಚರಂಡಿಗೆಂದು ರಸ್ತೆ ಅಗೆದಿದ್ದರಿಂದ ಒಳಗೆ ಬರಲಾಗಲಿಲ್ಲ. ಮಾಮ ತಂಗಿಯ ಕೈ ಹಿಡಿದು ನಡೆಸುತ್ತ ಬಂದರು. ನಾನು ಬ್ಯಾಗು ಹೊತ್ತು ಹಿಂದೆ.

"ಇದು ಸೋಡಾ ಅಂಗಡಿ. ಇದು ಬಾವಿ. ಇನ್ನು ನಾಲ್ಕು ಹೆಜ್ಜೆ, ಮರ."

ತಿರುವಿನಲ್ಲಿ ಚಿಕ್ಕಮ್ಮ ನಿಂತರು. ಕೈ ಚಾಚಲಿಲ್ಲ. ನೆತ್ತಿ ಮುಟ್ಟಿಕೊಂಡರು.

"ಅಣ್ಣ, ಮರದಡಿಯಲ್ಲಿ ತಲೆ ಯಾಕೆ ಸುಡ್ತದೆ?"

"ಅದು... ಎಲೆ ಉದುರಿದೆ."

"ಹಲಸು ಯಾವಾಗಿಂದ ಎಲೆ ಪೂರ್ತಿ ಉದುರಿಸ್ಲಿಕ್ಕೆ ಶುರು ಮಾಡಿದ್ದು?"

ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತಿತ್ತು. ಮಾಮ ಅದನ್ನೊಮ್ಮೆ ನೋಡಿದರು. ಮತ್ತೆ ಮೆಲ್ಲನೆ ಕೊಡೆ ಬಿಡಿಸಿ ತಂಗಿಯ ತಲೆಯ ಮೇಲೆ ಹಿಡಿದರು.

"ಈಗ ನೆರಳು ಬಂತಾ?"

ಚಿಕ್ಕಮ್ಮ ತಡವುತ್ತ ಕೊಡೆ ಹಿಡಿದ ಆ ಮುದಿ ಕೈಯನ್ನು ಮುಟ್ಟಿದರು, ಹಾಗೇ ಹಿಡಿದುಕೊಂಡರು.

"ಬಂತು. ಇಲ್ಲಿಂದ ಎಡಕ್ಕಲ್ವಾ? ನಡಿ."

ಮಧ್ಯಾಹ್ನ ನೀರುದೋಸೆ, ಬಂಗುಡೆ ಸಾರು. ಚಿಕ್ಕಮ್ಮ ಏಳು ದೋಸೆ ತಿಂದರು. ಮಾಮನದು ಮಾತೇ ಜಾಸ್ತಿ, ದೋಸೆ ಮೂರಕ್ಕೆ ನಿಂತಿತು. ಊಟವಾದ ಮೇಲೆ ಇಬ್ಬರೂ ಚಾವಡಿಯಲ್ಲಿ ಚಾಪೆ ಹಾಸಿ ಹಳೆಯ ಓಣಿಯನ್ನು ಒಂದು ತುದಿಯಿಂದ ನೆನಪಿಸಿಕೊಳ್ಳತೊಡಗಿದರು. ಮೊದಲು ನಿದ್ದೆ ಹೋದದ್ದು ಮಾಮ, ಮಾತಿನ ನಡುವೆಯೇ.

"ಎಬ್ಬಿಸ್ಬೇಡ," ಎಂದರು ಚಿಕ್ಕಮ್ಮ, "ಸೋಡಾ ಅಂಗಡಿಯವರೆಗೆ ಹೋಗಿದ್ದಾನೆ. ಕುಡಿದು ಬರಲಿ."