ಹೋಟೆಲ್ ಧಣಿಯ ಹೆಬ್ಬೆರಳು ಮತ್ತು ನಮ್ಮ ಡಾಕ್ಟರು

ಸಕ್ಕರೆ ಬಿಡಿ ಎಂದು ಊರಿಗೆ ಬುದ್ಧಿ ಹೇಳಹೊರಟವರ ಪಾಡು ಯಾವಾಗಲೂ ಹೀಗೇ. ಒಂದು ಫಜೀತಿ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಎಂಬತ್ತರ ದಶಕದಲ್ಲಿ ನಾನು ಸುಳ್ಯದಲ್ಲಿ ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿದ್ದೆ. ಡಾಕ್ಟರಿಗೆ ಸಕ್ಕರೆ ಕಂಡರಾಗದು. ಕ್ಲಿನಿಕ್ಕಿನ ಎದುರಿಗೇ ಒಂದು ಹೋಟೆಲು. ಅದರ ಧಣಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ವಾಸಿಯಾಗದ ಹುಣ್ಣು. ಸಿಹಿ ಬಿಡದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಧಣಿ ಬಹಳ ಒಳ್ಳೆಯ ಮನುಷ್ಯ, ನನಗೂ ಹೆದರಿಕೆಯೇ ಆಗಿತ್ತು.

೧. ಬೋರ್ಡು

ಧಣಿಯ ಜೊತೆಗೆ ಊರೂ ಸುಧಾರಿಸಲಿ ಎಂದು ಡಾಕ್ಟರು ಹೋಟೆಲಿನಲ್ಲಿ ಒಂದು ಬೋರ್ಡು ಹಾಕಿಸಿದರು: 'ಇಲ್ಲಿ ಚಾಕ್ಕೆ ಸಕ್ಕರೆ ಕಡಿಮೆ.' ರೇಷನ್ ಅಂಗಡಿಯಲ್ಲಿ ಸಕ್ಕರೆಗೆ ಸಾಲು ನಿಲ್ಲುವ ಕಾಲ ಅದು. ಓದಿದವರೆಲ್ಲ ಮರುಕಪಟ್ಟರು. ಆಲೆಟ್ಟಿಯ ಗಿರಾಕಿಯೊಬ್ಬರು ಮರುದಿನ ಮನೆಯಿಂದ ಒಂದು ಪೊಟ್ಟಣ ಸಕ್ಕರೆ ತಂದು, "ಕಷ್ಟ ಎಲ್ಲರಿಗೂ ಉಂಟು ಮಾರಾಯ್ರೆ, ಇಟ್ಕೊಳ್ಳಿ" ಎಂದು ಧಣಿಯ ಕೈಗಿತ್ತರು. ಅವರನ್ನು ನೋಡಿ ಉಳಿದವರೂ ತಂದರು. ವಾರದೊಳಗೆ ಡಬ್ಬ ತುಂಬಿ ತುಳುಕಿತು. ಆ ಹೋಟೆಲಿನಲ್ಲಿ ಅಷ್ಟು ಸಿಹಿ ಚಾ ಅದಕ್ಕೆ ಮೊದಲು ಯಾರೂ ಕುಡಿದಿರಲಿಲ್ಲ.

೨. ಗಲ್ಫಿನ ಮಾತ್ರೆ

ಧಣಿಯ ಗೆಳೆಯರೊಬ್ಬರು ಅಡಿಕೆ ವ್ಯಾಪಾರದ ಬ್ಯಾರಿಗಳು. ಅವರ ಮಗ ಗಲ್ಫಿನಿಂದ, ಸಕ್ಕರೆಗೆ ಬದಲಾಗಿ ಚಾಕ್ಕೆ ಹಾಕುವ ಸಿಹಿ ಮಾತ್ರೆ ತಂದಿದ್ದ. ಒಂದು ಡಬ್ಬಿ ಧಣಿಗೂ ಸಿಕ್ಕಿತು. ಡಾಕ್ಟರಿಗೆ ಖುಷಿಯೋ ಖುಷಿ. ಆದರೆ ಹುಣ್ಣು ಹಾಗೇ ಇತ್ತು.

"ಎಂತ, ಮಾತ್ರೆ ತಕ್ಕೊಳ್ಳುದಿಲ್ವಾ?" ಎಂದು ಕೇಳಿದರು.

"ಅಯ್ಯೋ, ತಪ್ಪಿಸುದೇ ಇಲ್ಲ ಡಾಕ್ಟ್ರೇ. ಎರಡು ಚಮಚ ಸಕ್ಕರೆ ಹಾಕಿ ಚಾ ಕುಡಿಯುದು, ಕೂಡ್ಲೆ ಒಂದು ಮಾತ್ರೆ ನುಂಗುದು."

ಡಾಕ್ಟರು ನನ್ನ ಕಡೆ ತಿರುಗಿ, ತಮಗೊಂದು ತಲೆನೋವಿನ ಮಾತ್ರೆ ಕೊಡಲು ಹೇಳಿದರು.

೩. ಹರಕೆ

ಬೆರಳು ತೆಗೆಸಲು ಮಂಗಳೂರಿಗೆ ಹೋಗುವ ದಿನ ನಿಗದಿಯಾದಾಗ ಧಣಿ ನಿಜಕ್ಕೂ ನಡುಗಿದರು. ಅಂದಿನಿಂದ ಸಕ್ಕರೆ, ಬೆಲ್ಲ, ಪಾಯಸ ಎಲ್ಲ ಬಂದ್. ಅದೇ ಹೆದರಿಕೆಯಲ್ಲಿ ದೇವರಿಗೊಂದು ಹರಕೆಯನ್ನೂ ಹೇಳಿಕೊಂಡರು: ಬೆರಳು ಉಳಿದರೆ ತನ್ನ ತೂಕದಷ್ಟು ಸಕ್ಕರೆಯ ತುಲಾಭಾರ.

ಪಥ್ಯ ಕೆಲಸ ಮಾಡಿತು. ಹುಣ್ಣು ಒಣಗಿತು, ಬೆರಳು ಉಳಿಯಿತು. ತುಲಾಭಾರಕ್ಕೆ ಧಣಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ದೇವಸ್ಥಾನದ ತಕ್ಕಡಿಯ ಒಂದು ತಟ್ಟೆಯಲ್ಲಿ ಅವರು ಕೂತರು, ಇನ್ನೊಂದಕ್ಕೆ ದೇವಸ್ಥಾನದವರು ಸಕ್ಕರೆ ಸುರಿಯತೊಡಗಿದರು. ಧಣಿ ಅಷ್ಟು ಇಳಿದುಹೋಗಿದ್ದರಿಂದ ತಂದ ಸಕ್ಕರೆ ಉಳಿದೇ ಹೋಯಿತು.

"ನೋಡಿ, ದೇವಸ್ಥಾನದಲ್ಲೂ ಸಕ್ಕರೆ ಕಮ್ಮಿ ಮಾಡಿಸಿದೆ!" ಎಂದು ಡಾಕ್ಟರು ಬೀಗಿದರು.

ಧಣಿಯ ಮುಖ ಬಾಡಿತು. "ಹರಕೆ ಹೇಳುವಾಗ ನಾನು ಇಷ್ಟು ಸಪೂರ ಇರ್ಲಿಲ್ಲ. ದೇವರಿಗೆ ಮೋಸ ಮಾಡ್ಲಿಕ್ಕುಂಟಾ? ನನ್ನ ಭಾರ ಇಳಿಸಿದ್ದು ನೀವು ಡಾಕ್ಟ್ರೇ. ಬನ್ನಿ, ನೀವೂ ಕೂತ್ಕೊಳ್ಳಿ."

ಅರ್ಚಕರು ಅದಕ್ಕೆ ಸೈ ಎಂದರು. ದೇವರ ಎದುರು ಜಗಳ ಬೇಡವೆಂದು ಡಾಕ್ಟರು ಧಣಿಯ ಪಕ್ಕ ಮುದುರಿ ಕೂತರು. ಅವರದ್ದೇನು ಸಣ್ಣ ದೇಹವಲ್ಲ. ತಟ್ಟೆ ದಡಕ್ಕನೆ ನೆಲಕ್ಕೆ ಕೂತಿತು. ಉಳಿದ ಸಕ್ಕರೆಯನ್ನೆಲ್ಲ ಸುರಿದರೂ ಏಳಲಿಲ್ಲ. ಡಾಕ್ಟರು ಇಳಿಯಲು ಹೊರಟರೆ ಅರ್ಚಕರು ಬಿಡಲಿಲ್ಲ: "ಕೂತ ಮೇಲೆ ಸಮ ಆಗದೆ ಇಳಿಯುವ ಹಾಗಿಲ್ಲ."

ನಾನು ಅಂಗಡಿಗೆ ಓಡಿದೆ. ಮೂಟೆ ಹೊರಿಸಿಕೊಂಡು ಬರುವಷ್ಟರಲ್ಲಿ ಡಾಕ್ಟರ ಕಾಲು ಜೋಮು ಹಿಡಿದಿತ್ತು, ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ನನ್ನನ್ನು ಕಂಡದ್ದೇ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು:

"ಸಕ್ಕರೆ ಹಾಕಿ ಮಾರಾಯ್ರೆ! ಇನ್ನೂ ಹಾಕಿ! ಕೈ ಹಿಡಿದು ಹಾಕ್ಬೇಡಿ!"